ಸಾಮಾನು ಗಾಡಿ ಹತ್ತುವ ಮುಂಚೆ

ಶಾಲೆ ಪರೀಕ್ಷೆ ಮುಗಿದು ಯುಗಾದಿ ಕಳೆಯಿತೆಂದರೆ ಗೌರಿಬಿದನೂರು ಸೀಮೆಯಲ್ಲಿ ಮನೆ ಬದಲಿಸುವವರ ಓಡಾಟ ಶುರು. ವಿದುರಾಶ್ವತ್ಥದ ಒಂದು ಸಂಸಾರ ಮಕ್ಕಳ ಓದಿಗೆಂದು ಯಲಹಂಕದ ಕಡೆ ಹೊರಡುತ್ತದೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕವರು ಚಿಂತಾಮಣಿಯಿಂದಲೋ ಶಿಡ್ಲಘಟ್ಟದಿಂದಲೋ ಗೌರಿಬಿದನೂರಿಗೆ ಬರುತ್ತಾರೆ. ಮೇಷ್ಟ್ರು, ಪೊಲೀಸರು, ಬ್ಯಾಂಕಿನವರು ವರ್ಗಾವಣೆ ಆದೇಶ ಕೈಯಲ್ಲಿ ಹಿಡಿದು ಗಾಡಿ ಹುಡುಕುತ್ತಾರೆ. ಹಿಂದೂಪುರಕ್ಕೆ ಹೋಗುವವರಿಗಂತೂ ದಾರಿ ಅರ್ಧ ಗಂಟೆಯದ್ದು, ಆದರೆ ನಡುವೆ ಒಂದು ರಾಜ್ಯದ ಗಡಿಯೇ ಇದೆ.

ಇಂಥ ಸಾಗಾಟ ಈ ಭಾಗದಲ್ಲಿ ನಡೆದು ಬಂದದ್ದು ಪರಿಚಯದ ಮೇಲೆ. ಊರಲ್ಲೋ ಪಕ್ಕದ ಹಳ್ಳಿಯಲ್ಲೋ ಕ್ಯಾಂಟರ್ ಇಟ್ಟವರು ಒಬ್ಬರಿರುತ್ತಾರೆ. ಬೆಳಗ್ಗೆ ತರಕಾರಿ, ಸಂಜೆ ಗೊಬ್ಬರ, ನಡುವೆ ಯಾರದೋ ಮನೆಯ ಸಾಮಾನು. ಅವರ ಮನೆ ಎಲ್ಲಿ, ಅಪ್ಪ ಯಾರು, ಯಾವ ಬೀದಿಯಲ್ಲಿ ಸಾಲ ಇದೆ ಎಂಬುದೆಲ್ಲ ಊರಿಗೇ ಗೊತ್ತು. ಬೀರುವಿನ ಕನ್ನಡಿ ಒಡೆದರೆ ಮಾರನೇ ದಿನ ಅವರ ಬಾಗಿಲಲ್ಲಿ ನಿಂತು ಕೇಳಬಹುದು. ದೂರದ ಊರಿಗೆ ಹೋಗುವಾಗ ಈ ಅನುಕೂಲ ಇಲ್ಲ. ಫೋನಿನಲ್ಲಿ ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂದು ಹುಡುಕಿದರೆ ಹತ್ತಾರು ಹೆಸರು ಬರುತ್ತವೆ. ಎಲ್ಲವಕ್ಕೂ ಐದು ನಕ್ಷತ್ರ, ಎಲ್ಲವೂ ‘ನಂಬರ್ ಒನ್’. ಆದರೆ ಬಾಗಿಲು ಎಲ್ಲಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಈ ವ್ಯವಹಾರದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಒಂದೇ. ಸಾಮಾನು ನಿಮ್ಮ ಮನೆಯೊಳಗೆ ಇರುವವರೆಗೆ ಮಾತಿನ ಬಲ ನಿಮ್ಮದು. ಗಾಡಿಯ ಹಿಂಬಾಗಿಲು ಮುಚ್ಚಿ ಕೊಂಡಿ ಬಿದ್ದ ಮೇಲೆ ಅದು ಅವರದು. ಮೋಸದ ಕಥೆಗಳೆಲ್ಲ ನಡೆಯುವುದು ಆ ಕೊಂಡಿ ಬಿದ್ದ ನಂತರವೇ. ಹಾಗಾಗಿ ಕೇಳುವುದು, ನೋಡುವುದು, ಬರೆಸಿಕೊಳ್ಳುವುದು ಎಲ್ಲವೂ ಅದಕ್ಕೆ ಮುಂಚೆ ಮುಗಿಯಬೇಕು.

ಕಂಪನಿ ನಿಜಕ್ಕೂ ಬೇಕೇ?

ಜಿಲ್ಲೆಯೊಳಗಿನ ಸಾಗಾಟಕ್ಕೆ, ಅಷ್ಟೇ ಏಕೆ, ಸುಮಾರು 80 ಕಿಲೋಮೀಟರ್ ದೂರದ ಬೆಂಗಳೂರಿನವರೆಗೂ ದೊಡ್ಡ ಕಂಪನಿ ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಬೆಳಗ್ಗೆ ತುಂಬಿ ಮಧ್ಯಾಹ್ನ ಇಳಿಸುವ ಕೆಲಸ ಅದು. ಗಾಡಿ ನಿಮ್ಮ ಕಣ್ಣೆದುರೇ ಹೊರಟು ಕಣ್ಣೆದುರೇ ನಿಲ್ಲುತ್ತದೆ. ಗೌರಿಬಿದನೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಗೂಡ್ಸ್ ಗಾಡಿ ನಿಲ್ಲುವ ಕಡೆ ಹೋಗಿ, ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ಮನೆ ಬದಲಿಸಿದವರು ಯಾರನ್ನು ಕರೆದಿದ್ದರೋ ಅವರನ್ನೇ ಕೇಳಿ. ಈ ಒಂದು ವಿಚಾರಣೆಗೆ ಇಂಟರ್‌ನೆಟ್ಟಿನ ನೂರು ವಿಮರ್ಶೆ ಸಮವಲ್ಲ.

ಗಾಡಿಯ ಅಳತೆ ಮೊದಲು ತೀರ್ಮಾನಿಸಿ. 2005ರಲ್ಲಿ ಬಂದ ಟಾಟಾ ಏಸ್ ಈಗ ಎಲ್ಲ ಊರುಗಳಲ್ಲೂ ಇದೆ. ಅದರ ಹಿಂದಿನ ಬಾಡಿ ಸುಮಾರು 7 ಅಡಿ, ಹೊರುವುದು ಹೆಚ್ಚುಕಡಿಮೆ 750 ಕೆ.ಜಿ. ಒಂದು ಕೋಣೆಯ ಮನೆ, ಒಂದು ಮಂಚ, ಒಂದು ಸಣ್ಣ ಫ್ರಿಜ್, ಅಡುಗೆ ಸಾಮಾನು ಅದರಲ್ಲಿ ಹಿಡಿಯುತ್ತವೆ. ಬೊಲೆರೊ ಪಿಕಪ್ ಅದಕ್ಕಿಂತ ಒಂದು ಕೈ ಮೇಲು. ಎರಡು ಕೋಣೆ, ಬೀರು, ಸೋಫಾ, ವಾಷಿಂಗ್ ಮೆಷಿನ್ ಇದ್ದರೆ 14 ಅಡಿಯ ಕ್ಯಾಂಟರೇ ಸರಿ. ಬಾಡಿಗೆ ಉಳಿಸಲು ಏಸ್ ಕರೆದು ಎರಡು ಸಲ ಓಡಾಡಿಸಿದರೆ ಡೀಸೆಲ್ಲೂ ದಂಡ, ಸಾಮಾನು ಎರಡು ಊರಲ್ಲಿ ಕಾವಲಿಲ್ಲದೆ ಬಿದ್ದಿರುವುದೂ ದಂಡ.

ಅನುಭವವಿರುವ ಡ್ರೈವರ್ ಬಾಡಿಗೆ ಹೇಳುವ ಮುಂಚೆ ತಾನೇ ಪ್ರಶ್ನೆ ಕೇಳುತ್ತಾನೆ. “ಕೆಳಗಡೆ ಮನೆನಾ, ಮೇಲೇನಾ ಅಣ್ಣ? ಲಿಫ್ಟ್ ಐತಾ? ಗಾಡಿ ಬಾಗಿಲ ತನಕ ಬರ್ತದಾ, ಇಲ್ಲಾ ಗಲ್ಲಿ ಕೊನೇಲಿ ನಿಲ್ಲಿಸ್ಬೇಕಾ? ಬೀರು ಎಷ್ಟು ಬಾಗಿಲಿಂದು?” ಇಂಥವರನ್ನು ನಂಬಬಹುದು. ಏನೂ ಕೇಳದೆ “ಬನ್ನಿ ಸಾರ್, ನೋಡ್ಕೊಂಡು ಕೊಡಿ” ಎನ್ನುವವರನ್ನು ಒಪ್ಪಿಕೊಳ್ಳಬೇಡಿ. ಕೊನೆಯಲ್ಲಿ ಜಗಳವಾಗುವುದು ಆ ‘ನೋಡ್ಕೊಂಡು ಕೊಡಿ’ಯ ಮೇಲೇ.

ಇನ್ನೊಂದು ಜಗಳ ಹಮಾಲಿಯದ್ದು. ಗಾಡಿ ಬಾಡಿಗೆಯೇ ಬೇರೆ, ಹತ್ತಿಸಿ ಇಳಿಸುವ ಕೂಲಿಯೇ ಬೇರೆ. ಇಲ್ಲಿಂದ ಹೋದವರು ಅಲ್ಲಿಯೂ ಇಳಿಸುತ್ತಾರೋ, ಅಲ್ಲಿ ಬೇರೆ ಆಳುಗಳೋ, ಡ್ರೈವರ್ ಕೈ ಹಾಕುತ್ತಾನೋ ಇಲ್ಲವೋ, ಬಾಟಾ ಯಾರ ಲೆಕ್ಕ, ದೊಡ್ಡಬಳ್ಳಾಪುರ ದಾರಿಯ ಟೋಲ್ ಯಾರು ಕಟ್ಟಬೇಕು, ಎಲ್ಲವನ್ನೂ ಹಿಂದಿನ ದಿನವೇ ಬಾಯಿಬಿಟ್ಟು ಕೇಳಿ. ಆಳುಗಳಿಗೆ ಮಧ್ಯಾಹ್ನ ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಲು ಹೋಗಬೇಡಿ, ಚೆನ್ನಾಗಿರುವುದಿಲ್ಲ.

ಗಾಡಿಗೆ ಹಳದಿ ಬೋರ್ಡ್ ಇರಬೇಕು. ಬಿಳಿ ಬೋರ್ಡಿನ ಸ್ವಂತ ವಾಹನವನ್ನೋ, ಕೃಷಿಗೆಂದು ನೋಂದಣಿಯಾದ ಟ್ರ್ಯಾಕ್ಟರ್–ಟ್ರೇಲರನ್ನೋ ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಹಣ ಕೊಡಲು ತಕರಾರು ತೆಗೆಯುತ್ತದೆ. ಹಳ್ಳಿ ಕಡೆ ಟ್ರ್ಯಾಕ್ಟರ್ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೂ ಊರಾಚೆಯ ಹೆದ್ದಾರಿಗೆ ಅದು ಬೇಡ. ಅದಕ್ಕಿಂತ ದೊಡ್ಡ ಅಪಾಯ, ಹಾಸಿಗೆ ಸುರುಳಿಯ ಮೇಲೆ ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹೋಗುವುದು. ಸರಕಿನ ಮಾಲೀಕರೋ ಅವರ ಪರವಾಗಿ ಒಬ್ಬರೋ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರೆ ವಾಹನದ ವಿಮೆ ಅವರಿಗೆ ಅನ್ವಯಿಸುತ್ತದೆ. ಹಿಂದೆ ಸಾಮಾನಿನ ಮೇಲೆ ಕೂತವರಿಗೆ ಆ ರಕ್ಷಣೆ ಇಲ್ಲ. ಮನೆಯವರು ಬಸ್ಸಿನಲ್ಲೋ ರೈಲಿನಲ್ಲೋ ಬರಲಿ.

ದಿನದ ಬಗ್ಗೆಯೂ ಒಂದು ಮಾತು. ಆಷಾಢದಲ್ಲಿ, ಧನುರ್ಮಾಸದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹಾಗಾಗಿ ಅಕ್ಷಯ ತದಿಗೆಗೆ, ಶ್ರಾವಣದ ಒಳ್ಳೆಯ ದಿನಗಳಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಗಾಡಿಯವರು ಹೇಳಿದ್ದೇ ರೇಟು. ತಿಂಗಳ ಕೊನೆ, ಭಾನುವಾರ ಕೂಡ ಹಾಗೆಯೇ. ಹಾಲು ಉಕ್ಕಿಸುವುದಕ್ಕೆ ಮುಹೂರ್ತ ಬೇಕು, ಬೀರು ಸಾಗಿಸುವುದಕ್ಕೆ ಬೇಡ. ಒಳ್ಳೆಯ ದಿನ ದೇವರ ಪಟ, ಒಂದು ಕೊಡ ನೀರು, ಹಾಲಿನ ಪಾತ್ರೆ ತೆಗೆದುಕೊಂಡು ಹೋಗಿ ಶಾಸ್ತ್ರ ಮುಗಿಸಿ ಬನ್ನಿ. ಸಾಮಾನು ಮುಂದಿನ ವಾರದ ಮಂಗಳವಾರವೋ ಬುಧವಾರವೋ ಹೋಗಲಿ. ಅಷ್ಟರಲ್ಲೇ ಬಾಡಿಗೆ ಇಳಿದಿರುತ್ತದೆ. ಹೋಗುವುದು ಬೆಂಗಳೂರಿನ ಅಪಾರ್ಟ್‌ಮೆಂಟಿಗಾದರೆ ಅಲ್ಲಿನ ಸಂಘದವರನ್ನು ಮೊದಲೇ ಕೇಳಿ. ಬಹಳ ಕಡೆ ಭಾನುವಾರ, ಸಂಜೆಯ ಮೇಲೆ ಸಾಮಾನು ಇಳಿಸಲು ಬಿಡುವುದಿಲ್ಲ. ನಗರದೊಳಗೆ ಬೆಳಗ್ಗೆ–ಸಂಜೆಯ ದಟ್ಟಣೆ ಹೊತ್ತಿನಲ್ಲಿ ಸರಕು ವಾಹನಗಳಿಗೆ ನಿರ್ಬಂಧವೂ ಇದೆ. ಗೇಟಿನ ಹೊರಗೆ ಗಾಡಿ ಕಾದಷ್ಟು ಹೊತ್ತಿಗೆ ಹಣ ಕೇಳುತ್ತಾರೆ.

ದೂರದ ಊರಿಗೆ ಹೋಗುವಾಗ

ಪುಣೆಗೋ ಹೈದರಾಬಾದಿಗೋ ಹುಬ್ಬಳ್ಳಿಗೋ ಆದರೆ ಕಥೆ ಬೇರೆ. ಇಲ್ಲಿ ಪ್ಯಾಕಿಂಗ್ ಬಲ್ಲವರು, ಮುಚ್ಚಿದ ಗಾಡಿ, ವಿಮೆ, ರಸೀದಿ ಎಲ್ಲ ಬೇಕು. ಅಂದರೆ ಕಂಪನಿಯೇ ಬೇಕು. ಮೋಸವೂ ಹೆಚ್ಚಾಗಿ ಇಲ್ಲೇ.

ಅದು ನಡೆಯುವ ಬಗೆ ಹೀಗೆ. ಯಾವುದೋ ಜಾಲತಾಣದಲ್ಲಿ ನಿಮ್ಮ ನಂಬರ್ ಕೊಡುತ್ತೀರಿ. ಅವರು ಅದನ್ನು ಐದಾರು ಜನರಿಗೆ ಮಾರುತ್ತಾರೆ. ಕಾಲು ಗಂಟೆಯಲ್ಲಿ ಕರೆಗಳ ಸುರಿಮಳೆ. ‘ವಿದುರಾಶ್ವತ್ಥ’ ಎಂದರೆ ಅತ್ತಲಿನವರಿಗೆ ಉಚ್ಚರಿಸಲೂ ಬರುವುದಿಲ್ಲ, ಬೆಂಗಳೂರೇ ಎನ್ನುತ್ತಾರೆ, ಆದರೂ ಎರಡು ನಿಮಿಷದಲ್ಲಿ ಬೆಲೆ ಹೇಳಿಬಿಡುತ್ತಾರೆ. ಉಳಿದವರು ಹೇಳಿದ್ದರ ಅರ್ಧಕ್ಕೆ ಒಬ್ಬ ಒಪ್ಪುತ್ತಾನೆ. ಮುಂಗಡ ಹಾಕಿಸಿಕೊಳ್ಳುತ್ತಾನೆ. ಬರುವುದು ಬೇರೆ ಯಾವುದೋ ಬಾಡಿಗೆ ಗಾಡಿ, ಹೆಸರಿಲ್ಲದ ಆಳುಗಳು. ತುಂಬಿಯಾದ ಮೇಲೆ ದಾರಿಯಲ್ಲಿ ಫೋನ್: “ಸಾಮಾನು ನೀವು ಹೇಳಿದ್ದಕ್ಕಿಂತ ಜಾಸ್ತಿ ಇದೆ, ಜಿಎಸ್‌ಟಿ ಬೇರೆ, ಬಾರ್ಡರ್ ಟ್ಯಾಕ್ಸ್ ಬೇರೆ. ಇಷ್ಟು ಹಾಕಿದರೆ ಗಾಡಿ ಮುಂದಕ್ಕೆ ಹೋಗುತ್ತದೆ.” ಹೊಸ ಊರಲ್ಲಿ ಖಾಲಿ ಮನೆಯಲ್ಲಿ ಮಕ್ಕಳೊಂದಿಗೆ ಕೂತವರು ಹಾಕದೆ ಏನು ಮಾಡುತ್ತಾರೆ?

ಹಾಗಾಗಿ ಕರೆ ಮಾಡಿದವನ ಕಂಪನಿಯನ್ನು ನೀವೇ ತಡಕಿ ನೋಡಬೇಕು. ಮೊದಲು ಜಿಎಸ್‌ಟಿ ಸಂಖ್ಯೆ ಕೇಳಿ. ಅದು 15 ಅಕ್ಷರ–ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಆಂಧ್ರಕ್ಕೆ 37, ತಮಿಳುನಾಡಿಗೆ 33, ಹರಿಯಾಣಕ್ಕೆ 06. ನಂತರದ ಹತ್ತು ಅವರ ಪ್ಯಾನ್ ಸಂಖ್ಯೆ. ಒಟ್ಟು ಸಂಖ್ಯೆಯ ಆರನೇ ಅಕ್ಷರ ‘ಪಿ’ ಆಗಿದ್ದರೆ ಒಬ್ಬ ವ್ಯಕ್ತಿಯ ವ್ಯಾಪಾರ, ‘ಎಫ್’ ಆದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಆದರೆ ಕಂಪನಿ. “ನಮ್ಮದು ಪ್ರೈವೇಟ್ ಲಿಮಿಟೆಡ್, ಪೀಣ್ಯದಲ್ಲಿ ಹೆಡ್ ಆಫೀಸ್” ಎಂದವರ ಸಂಖ್ಯೆ 06ರಿಂದ ಶುರುವಾಗಿ ಆರನೇ ಜಾಗದಲ್ಲಿ ‘ಪಿ’ ಇದ್ದರೆ ಅಲ್ಲಿಗೇ ಮಾತು ಮುಗಿಸಬಹುದು. ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಪುಕ್ಕಟೆಯಾಗಿ ಗೊತ್ತಾಗುತ್ತದೆ.

ಎರಡನೆಯದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಸಾರ್ವಜನಿಕರ ಸರಕನ್ನು ಬಾಡಿಗೆಗೆ ಸಾಗಿಸುವವರು 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. 1865ರ ಬ್ರಿಟಿಷರ ಕಾಲದ ಕಾಯ್ದೆಯ ಜಾಗಕ್ಕೆ ಬಂದ ಇದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರಿಗೆ ಇಲಾಖೆ ಕೊಡುವ ಈ ನೋಂದಣಿಯ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ. ಇದ್ದವರು ಕಳಿಸುತ್ತಾರೆ. ಇಲ್ಲದವರು “ಸಾರ್, ಅದೆಲ್ಲ ಯಾರೂ ಕೇಳಲ್ಲ” ಎನ್ನುತ್ತಾರೆ. ನೀವು ಕೇಳಿ.

‘ಐಬಿಎ ಅನುಮೋದಿತ’ ಎಂಬ ಮುದ್ರೆ ಬಹಳ ಜನರ ಜಾಹೀರಾತಿನಲ್ಲಿದೆ. ಐಬಿಎ ಎಂದರೆ ಭಾರತೀಯ ಬ್ಯಾಂಕುಗಳ ಸಂಘ. ಸಾಗಣೆ ಸಂಸ್ಥೆಗಳ ಒಂದು ಪಟ್ಟಿಯನ್ನು ಅದು ತನ್ನ ಸದಸ್ಯ ಬ್ಯಾಂಕುಗಳಿಗೆ ಶಿಫಾರಸು ಮಾಡುತ್ತದೆ, ಪಟ್ಟಿ ಅದರ ಜಾಲತಾಣದಲ್ಲಿ ಸಿಗುತ್ತದೆ. ಮುದ್ರೆ ನೋಡಿ ಮರುಳಾಗದೆ ಆ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಹೆಸರಾಂತ ಕಂಪನಿಯ ಹೆಸರಿಗೆ ಹಿಂದೊಂದು ‘ನ್ಯೂ’, ಮುಂದೊಂದು ‘ಲಾಜಿಸ್ಟಿಕ್ಸ್’ ಅಂಟಿಸಿಕೊಂಡವರು ಈ ವ್ಯಾಪಾರದಲ್ಲಿ ದಂಡಿಯಾಗಿದ್ದಾರೆ. ಗೂಗಲ್ ವಿಮರ್ಶೆಗಳಲ್ಲಿ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದಿ. ತೃಪ್ತಿಯೂ ಇಲ್ಲದ, ಸಿಟ್ಟೂ ಇಲ್ಲದ ಗಿರಾಕಿ ಬರೆದದ್ದರಲ್ಲಿ ನಿಜ ಜಾಸ್ತಿ ಸಿಗುತ್ತದೆ.

ಕಚೇರಿ ಬೆಂಗಳೂರಿನಲ್ಲಿದೆ ಎಂದರೆ ಹೋಗಿ ನೋಡಿ ಬನ್ನಿ. ಬೆಂಗಳೂರಿಗೆ ಹೋಗುವ ಕೆಲಸ ಯಾರಿಗಾದರೂ ಇದ್ದೇ ಇರುತ್ತದೆ. ಬೋರ್ಡು, ಗೋಡೌನು, ನಾಲ್ಕು ಗಾಡಿ ಕಂಡರೆ ಅರ್ಧ ಅನುಮಾನ ಕಳೆದಂತೆ.

ಅಟ್ಟವನ್ನೂ ತೋರಿಸಿ

ನಂಬಬಹುದಾದ ಕಂಪನಿ ಸಾಮಾನು ನೋಡದೆ ಬೆಲೆ ಹೇಳುವುದಿಲ್ಲ. ವಿದುರಾಶ್ವತ್ಥದವರೆಗೆ ಆಳು ಕಳಿಸದಿದ್ದರೂ ವಿಡಿಯೊ ಕಾಲ್‌ನಲ್ಲಿ ಮನೆಯೆಲ್ಲ ತೋರಿಸಲು ಕೇಳುತ್ತದೆ. ಆಗ ಮುಜುಗರಪಡದೆ ಎಲ್ಲವನ್ನೂ ತೋರಿಸಿ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ಹಿತ್ತಲಿನ ಡ್ರಮ್ಮು, ಮಹಡಿಯ ಹೂಕುಂಡ, ರಾಗಿ ಮೂಟೆ, ಒರಳುಕಲ್ಲು. ನಮ್ಮ ಮನೆಗಳಲ್ಲಿ ಬೀರು–ಮಂಚಕ್ಕಿಂತ ಈ ಕಣ್ಣಿಗೆ ಬೀಳದ ಸಾಮಾನಿನ ಭಾರವೇ ಹೆಚ್ಚು. “ನೀವು ಹೇಳಿರಲಿಲ್ಲ” ಎಂಬ ಒಂದು ಮಾತಿಗೆ ಜಾಗ ಕೊಟ್ಟರೆ ಒಪ್ಪಿದ ಬೆಲೆಗೆ ಅರ್ಥ ಉಳಿಯುವುದಿಲ್ಲ. ಒಯ್ಯಲು ಇಷ್ಟವಿಲ್ಲದ್ದನ್ನು ಈಗಲೇ ವಿಲೇವಾರಿ ಮಾಡಿ. ಹಳೆಯ ಮಂಚ ಸಾಗಿಸುವ ಖರ್ಚಿಗೆ ಎಷ್ಟೋ ಸಲ ಅಲ್ಲಿ ಇನ್ನೊಂದು ಮಂಚವೇ ಬರುತ್ತದೆ.

ಮೂರು ಕಡೆಯಿಂದಾದರೂ ಬೆಲೆ ತರಿಸಿ. ಎರಡು ಹತ್ತಿರ ಹತ್ತಿರ ಇದ್ದು ಒಂದು ಬಹಳ ಕಡಿಮೆ ಇದ್ದರೆ ಕಡಿಮೆಯದ್ದನ್ನೇ ಮೊದಲು ಬಿಡಿ. ಪೂರ್ತಿ ಗಾಡಿಯೋ, ಪಾರ್ಟ್ ಲೋಡೋ ಕೇಳಿ. ಪಾರ್ಟ್ ಲೋಡ್ ಅಂದರೆ ನಿಮ್ಮ ಸಾಮಾನು ಇನ್ನಿಬ್ಬರ ಸಾಮಾನಿನೊಂದಿಗೆ ಹೋಗುತ್ತದೆ. ಅಗ್ಗ, ಆದರೆ ಗೋಡೌನಿನಲ್ಲಿ ಒಮ್ಮೆ ಇಳಿದು ಮತ್ತೆ ಹತ್ತುತ್ತದೆ, ದಿನ ಹೆಚ್ಚು ಹಿಡಿಯುತ್ತದೆ, ಒಡೆಯುವುದೂ ಹೆಚ್ಚು.

ಮಾತೆಲ್ಲ ಮುಗಿದ ಮೇಲೆ ಅದನ್ನು ಬರಹಕ್ಕೆ ಇಳಿಸಿ. ವಕೀಲರು ಬೇಡ, ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು. ಹೀಗೆ ಕಳಿಸಬಹುದು:

“ವಿದುರಾಶ್ವತ್ಥದ ನಮ್ಮ ಮನೆಯಿಂದ, ನೆಲಮಹಡಿ, ಪುಣೆಯ ಇಂಥ ವಿಳಾಸಕ್ಕೆ, ಮೂರನೇ ಮಹಡಿ, ಲಿಫ್ಟ್ ಇದೆ. ನೀವು ವಿಡಿಯೊದಲ್ಲಿ ನೋಡಿದ, ಜೊತೆಯ ಪಟ್ಟಿಯಲ್ಲಿ ಬರೆದಿರುವ ಸಾಮಾನು. 14 ಅಡಿಯ ಮುಚ್ಚಿದ ಗಾಡಿ, ಬೇರೆಯವರ ಸಾಮಾನು ಸೇರಿಸುವಂತಿಲ್ಲ. ಒಟ್ಟು ಮೊತ್ತ ಇಷ್ಟು. ಪ್ಯಾಕಿಂಗ್, ಹತ್ತಿಸುವುದು, ಇಳಿಸುವುದು, ಮಂಚ ಬಿಚ್ಚಿ ಜೋಡಿಸುವುದು, ಡೀಸೆಲ್, ಟೋಲ್, ಪರ್ಮಿಟ್, ತೆರಿಗೆ ಎಲ್ಲ ಇದರಲ್ಲೇ ಸೇರಿದೆ. ಇಂಥ ದಿನ ತುಂಬಿ, ಇಂಥ ದಿನದೊಳಗೆ ತಲುಪಿಸಬೇಕು. ಒಪ್ಪಿಗೆಯಾದರೆ ಕಂಪನಿ ಹೆಸರಿನೊಂದಿಗೆ ಉತ್ತರಿಸಿ.”

ಉತ್ತರ ಬಾರದೆ ಮುಂಗಡ ಕೊಡಬೇಡಿ. ಮುಂಗಡವೂ ಒಟ್ಟು ಮೊತ್ತದ ಹತ್ತರಲ್ಲೊಂದು ಪಾಲು ದಾಟುವುದು ಬೇಡ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದಲ್ಲ, ಅದು ಕಂಪನಿಯ ಹೆಸರೇ ಆಗಿರಬೇಕು. ಡ್ರೈವರಿನ, ‘ಮ್ಯಾನೇಜರಿನ’ ಸ್ವಂತ ಖಾತೆಗೆ ಹಾಕಿದ ಹಣಕ್ಕೆ ನಾಳೆ ಕಂಪನಿ ಹೊಣೆ ಹೊರುವುದಿಲ್ಲ. ತುಂಬಿದಾಗ ದೊಡ್ಡ ಪಾಲು ಕೇಳುವುದು ಈ ವ್ಯಾಪಾರದಲ್ಲಿ ರೂಢಿ. ಕೊಡಿ, ಆದರೆ ಕೊನೆಯ ಕಂತು ಇಳಿಸಿ ಎಣಿಸಿದ ಮೇಲೆ ಎಂಬುದನ್ನು ಬಿಟ್ಟುಕೊಡಬೇಡಿ.

ವರ್ಗಾವಣೆ ಭತ್ಯೆ ಪಡೆಯುವ ನೌಕರರಿಗೆ ಒಂದು ಎಚ್ಚರಿಕೆ. ಪರಿಚಯದ ಕ್ಯಾಂಟರಿನಲ್ಲಿ ಸಾಮಾನು ಸಾಗಿಸಿ, ಭತ್ಯೆಗೆಂದು ಎಲ್ಲಿಂದಲೋ ದೊಡ್ಡ ಮೊತ್ತದ ಬಿಲ್ ಕೊಂಡು ತರುವ ಅಭ್ಯಾಸ ಹಲವರಲ್ಲಿದೆ. ಹಾಗೆ ಬಿಲ್ ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. ಬಿಲ್ಲಿನಲ್ಲಿ ಬರೆದ ವಾಹನ ಸಂಖ್ಯೆ ಸ್ಕೂಟರಿನದ್ದೆಂದು ಲೆಕ್ಕಪರಿಶೋಧಕರು ಕಂಡುಹಿಡಿಯಲು ಇಂದು ಐದು ನಿಮಿಷ ಸಾಕು. ಕೆಲಸಕ್ಕೇ ಕುತ್ತು ತರುವ ಉಳಿತಾಯ ಅದು.

ವಿಮೆ ಎಂಬ ಹೆಸರಿನ ಶೇಕಡಾವಾರು

ಕಂಪನಿಗಳು ಸಾಮಾನಿನ ಮೌಲ್ಯದ ಶೇ 2, ಶೇ 3 ಎಂದು ‘ಇನ್ಶೂರೆನ್ಸ್’ ಹಣ ಕೇಳುತ್ತವೆ. ಬಹಳ ಸಲ ಅದು ವಿಮೆಯೇ ಅಲ್ಲ. ಅವರೇ ಇಟ್ಟುಕೊಳ್ಳುವ, ‘ಎಫ್‌ಒವಿ’ ಎಂದು ರಸೀದಿಯಲ್ಲಿ ಬರೆಯುವ ರಿಸ್ಕ್ ಶುಲ್ಕ. ವಿಮೆ ಕೊಡಲು ಅಧಿಕಾರ ಇರುವುದು ವಿಮಾ ಕಂಪನಿಗೆ ಮಾತ್ರ. ಹಣ ಕೊಟ್ಟರೆ ನಿಮ್ಮ ಹೆಸರು, ನಿಮ್ಮ ಸಾಮಾನಿನ ಪಟ್ಟಿ, ಪಾಲಿಸಿ ಸಂಖ್ಯೆ ಇರುವ ಪ್ರಮಾಣಪತ್ರ ಗಾಡಿ ಹೊರಡುವ ಮುಂಚೆ ನಿಮ್ಮ ಕೈಗೆ ಬರಬೇಕು. ಆ ಸಂಖ್ಯೆ ಹಿಡಿದು ವಿಮಾ ಕಂಪನಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ದೇಶದೊಳಗಿನ ಸಾಗಣೆ ವಿಮೆಯಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ‘ಸಿ’ ಎಂದರೆ ಬೆಂಕಿ–ಸಿಡಿಲಿಗಷ್ಟೇ. ‘ಬಿ’ಯಲ್ಲಿ ಗಾಡಿ ಡಿಕ್ಕಿಯಾದರೆ, ಮಗುಚಿದರೆ ಪರಿಹಾರ ಉಂಟು. ಒಡೆದದ್ದಕ್ಕೂ ಕಳುವಾದದ್ದಕ್ಕೂ ಸಿಗಬೇಕಾದರೆ ‘ಎ’ ಬೇಕು. ಅದರಲ್ಲಿಯೂ ಹಳೆಯ ವಸ್ತುವಿನ ಗೀರು, ತಗ್ಗುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ವಿಮೆ ಇಲ್ಲದಿದ್ದರೂ ಕೈ ಖಾಲಿಯಲ್ಲ. ಹಾಳಾದ ಸರಕಿಗೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ ಎಂದು ರಸ್ತೆ ಸರಕು ಸಾಗಣೆ ಕಾಯ್ದೆಯಡಿಯ 2011ರ ನಿಯಮ ಹೇಳುತ್ತದೆ; ನೀವು ಬರೆಸಿದ ಮೌಲ್ಯವನ್ನು ಮಾತ್ರ ಮೀರುವಂತಿಲ್ಲ. ಅಂದರೆ ರಸೀದಿಯಲ್ಲಿ ಬಾಡಿಗೆ 8,000 ರೂಪಾಯಿ ಇದ್ದರೆ ಮಿತಿ 80,000. “ಬಿಲ್ ಕಡಿಮೆ ಬರೀತೀವಿ, ಟ್ಯಾಕ್ಸ್ ಉಳಿಯುತ್ತೆ” ಎಂಬ ಮಾತಿಗೆ ತಲೆಯಾಡಿಸಿದರೆ ಕುಗ್ಗುವುದು ಈ ಮಿತಿಯೇ. ಸಾಮಾನಿನ ಮೌಲ್ಯವನ್ನೂ ಚೀಟಿಯಲ್ಲಿ ಬರೆಸಿ. ರಸೀದಿಯ ಮೂಲೆಯಲ್ಲಿ ‘ಓನರ್ಸ್ ರಿಸ್ಕ್’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಒಂದು ಸಾಲಿನಿಂದ ಸಾಗಣೆದಾರರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದು ನಾಥ್ ಬ್ರದರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಕಟ್ಟುವ ದಿನ, ತುಂಬುವ ದಿನ

ಪ್ಯಾಕಿಂಗ್ ಅವರದ್ದಾದರೂ ಎಣಿಕೆ ನಿಮ್ಮದಾಗಿರಲಿ. ಡಬ್ಬಕ್ಕೊಂದು ನಂಬರ್, ಯಾವ ಕೋಣೆಯದ್ದು ಎಂಬ ಗುರುತು, ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ. ಟಿ.ವಿ., ಫ್ರಿಜ್, ಬೀರುವಿನ ಕನ್ನಡಿ, ವಾಷಿಂಗ್ ಮೆಷಿನ್ನಿನ ಫೋಟೊ ನಾಲ್ಕೂ ಕಡೆಯಿಂದ ತೆಗೆದುಕೊಳ್ಳಿ, ಟಿ.ವಿ.ಯನ್ನು ಹಾಕಿ ಒಂದು ಸಣ್ಣ ವಿಡಿಯೊ ಕೂಡ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರೆಸಿ, ನಿಲ್ಲಿಸಿಯೇ ಸಾಗಿಸಬೇಕು. ಹೊಸ ಮನೆಯಲ್ಲಿ ಕೆಲವು ಗಂಟೆ ಬಿಟ್ಟು ಆಮೇಲೆ ಹಾಕಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿಗೆ ಕೊಂಡಾಗ ಬಂದಿದ್ದ ಉದ್ದನೆಯ ಬೋಲ್ಟ್‌ಗಳನ್ನು ಮತ್ತೆ ಹಾಕದಿದ್ದರೆ ಡ್ರಮ್ಮು ದಾರಿಯುದ್ದಕ್ಕೂ ಕುಣಿದು ಹಾಳಾಗುತ್ತದೆ. ಒರಳುಕಲ್ಲು, ಗ್ರೈಂಡರ್, ರಾಗಿ ಮೂಟೆ ಕೆಳಗೆ, ಕ್ಯಾಬಿನ್ ಕಡೆಗೆ. ಪಾತ್ರೆಗಳ ನಡುವೆ ಹಳೆಯ ಸೀರೆ, ಪಂಚೆ ತುರುಕುವ ನಮ್ಮ ಅಜ್ಜಿಯರ ವಿದ್ಯೆಯನ್ನು ಯಾವ ಬಬಲ್ ಶೀಟೂ ಸೋಲಿಸಿಲ್ಲ.

ಅಡುಗೆ ಅನಿಲದ ಸಿಲಿಂಡರನ್ನು ಮನೆ ಸಾಮಾನಿನೊಂದಿಗೆ ಹಾಕಬಾರದು. ದೂರದ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸ್ ಪಡೆದು, ವರ್ಗಾವಣೆ ಚೀಟಿ ತೆಗೆದುಕೊಳ್ಳಿ. ಆ ಚೀಟಿ ತೋರಿಸಿದರೆ ಹೊಸ ಊರಲ್ಲಿ ಸಂಪರ್ಕ ಸಿಗುತ್ತದೆ. ಒಡವೆ, ನಗದು, ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ ನಿಮ್ಮ ಕೈಚೀಲದಲ್ಲೇ ಇರಲಿ.

ಗಾಡಿ ಬಂದಾಗ ಒಂದು ಕೆಲಸ ಮಾಡಿ. ಅದರ ನಂಬರನ್ನು ಎಂ–ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಿಮೆ, ಫಿಟ್‌ನೆಸ್, ಪರ್ಮಿಟ್ ಯಾವಾಗಿನವರೆಗೆ ಎಂದು ಬರುತ್ತದೆ. ನಂಬರ್ ಪ್ಲೇಟ್, ಡ್ರೈವರ್ ಲೈಸೆನ್ಸಿನ ಫೋಟೊ ತೆಗೆಯಿರಿ. ಬೇಸರಪಡುವ ಡ್ರೈವರ್ ಕಡಿಮೆ. ಬೇಸರಪಟ್ಟರೆ ಅದೂ ಒಂದು ಸೂಚನೆಯೇ. ಗಾಡಿ ಸಂಖ್ಯೆ, ಒಟ್ಟು ನಗ, ಬಾಡಿಗೆ, ಮೌಲ್ಯ ಬರೆದ, ಕಂಪನಿಯ ಮುದ್ರೆಯಿರುವ ಸಾಗಣೆ ರಸೀದಿ ಕೈಗೆ ಬಂದ ಮೇಲೆ ಹಿಂಬಾಗಿಲು ಮುಚ್ಚಲಿ.

ಹಿಂದೂಪುರ, ಅನಂತಪುರದ ಕಡೆ ಹೋಗುವವರನ್ನು ‘ಬಾರ್ಡರ್’ ಹೆಸರಿನಲ್ಲಿ ಹೆದರಿಸುವುದುಂಟು. ಬಳಸಿದ ಮನೆ ಸಾಮಾನಿಗೆ ಇ–ವೇ ಬಿಲ್ ಬೇಕಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. ಸಾಮಾನಿನ ಪಟ್ಟಿ, ‘ಇವು ನಮ್ಮ ಬಳಕೆಯ ವಸ್ತುಗಳು, ಮಾರಾಟಕ್ಕಲ್ಲ’ ಎಂದು ನೀವೇ ಬರೆದು ಸಹಿ ಮಾಡಿದ ಪತ್ರ, ಆಧಾರ್ ಪ್ರತಿ ಡ್ರೈವರ್ ಬಳಿ ಇದ್ದರೆ ಸಾಕು. ಆಂಧ್ರದೊಳಗೆ ಹೋಗುವ ಪರ್ಮಿಟ್ ಗಾಡಿಗೆ ಬೇಕು, ಅದು ಗಾಡಿಯವರ ಹೊಣೆ. ಹಾಗೆಯೇ ನಿಮ್ಮ ಕೆಎ–40 ಬೈಕನ್ನು ಅಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಆಂಧ್ರದಲ್ಲಿ ಮರುನೋಂದಣಿ ಮಾಡಿಸಬೇಕಾಗುತ್ತದೆ.

ಎಲ್ಲ ಮಾಡಿಯೂ ಕೆಟ್ಟರೆ

ಸಾಮಾನು ಹಿಡಿದಿಟ್ಟು ಹೆಚ್ಚು ಹಣ ಕೇಳಿದರೆ ಅಲ್ಲೇ ಕೊಟ್ಟು ಕೈತೊಳೆದುಕೊಳ್ಳುವ ಮುಂಚೆ 112ಕ್ಕೆ ಕರೆ ಮಾಡಿ. ಒಪ್ಪಂದದ ಸಂದೇಶ, ರಸೀದಿ, ಗಾಡಿ ನಂಬರ್ ನಿಮ್ಮ ಬಳಿ ಇದ್ದರೆ ಪೊಲೀಸರ ಕೆಲಸ ಸುಲಭ. ಸಾಗಿಸಲು ನಂಬಿ ಒಪ್ಪಿಸಿದ ವಸ್ತುವನ್ನು ಸಾಗಣೆದಾರ ನುಂಗಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 316(3)ನೇ ಕಲಮಿನಡಿ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಈ ಕಲಮಿನ ಹೆಸರು ಹೇಳಿದಾಗ ದನಿ ಇಳಿಸುವವರು ಹಲವರು. ಮುಂಗಡ ಹಾಕಿಸಿಕೊಂಡು ಫೋನ್ ಸ್ವಿಚ್ ಆಫ್ ಮಾಡಿದರೆ ಅದು ಸೈಬರ್ ವಂಚನೆ. ಕೂಡಲೇ 1930ಕ್ಕೆ ತಿಳಿಸಿದರೆ ಹಣ ಅವರ ಖಾತೆಯಲ್ಲೇ ತಡೆಯಲು ಸಾಧ್ಯವಾಗುತ್ತದೆ.

ಒಡೆದದ್ದು, ಕಾಣೆಯಾದದ್ದು ಇದ್ದರೆ ಇಳಿಸುವಾಗಲೇ ರಸೀದಿಯ ಮೇಲೆ ಬರೆದು ಡ್ರೈವರಿನ ಸಹಿ ಹಾಕಿಸಿ. ‘ಎಲ್ಲ ಸರಿಯಾಗಿ ತಲುಪಿದೆ’ ಎಂಬ ಚೀಟಿಗೆ ಎಣಿಸದೆ ಸಹಿ ಮಾಡಬೇಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ಕಂಪನಿ ದೆಹಲಿಯದ್ದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಅವಧಿ ಎರಡು ವರ್ಷ.

ಆದರೆ ಈ ಎರಡು ವರ್ಷವನ್ನು ನಂಬಿ ಕೂರಬೇಡಿ. ಸರಕು ಸಾಗಣೆ ಕಾಯ್ದೆಯ 16ನೇ ಕಲಮಿನಂತೆ ನಷ್ಟದ ದಾವೆ ಹೂಡುವ ಮುಂಚೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಅದಕ್ಕೆ ಇರುವ ಗಡುವು 180 ದಿನ. ಹೊಸ ಮನೆಯ ಅಟ್ಟಕ್ಕೆ ಡಬ್ಬಗಳನ್ನು ಹಾಗೇ ಏರಿಸಿ ದೀಪಾವಳಿಗೆ ಬಿಚ್ಚೋಣ ಎನ್ನುವವರು ಗಮನಿಸಬೇಕು: ಆ 180 ದಿನ ಶುರುವಾಗುವುದು ಸಾಮಾನು ಬುಕ್ ಮಾಡಿದ ದಿನದಿಂದ, ಡಬ್ಬ ಬಿಚ್ಚಿದ ದಿನದಿಂದಲ್ಲ.